ಏರಿನಲ್ಲಿ ಹಗುರ ಕಾಲು

ಮಧುಗಿರಿಯಲ್ಲಿ ನಾನು ಮೇಲಿನ ಮನೆ, ನನ್ನ ಗೆಳತಿ ಕೆಳಗಿನ ಮನೆ. ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ಟೀಚರು, ಇಬ್ಬರಿಗೂ ಮದುವೆಯಾಗಿರಲಿಲ್ಲ. ನಲವತ್ತು ದಾಟಿ ಮಂಡಿನೋವು ಶುರುವಾದಾಗ, ಬ್ಯಾಟರಿ ಸೈಕಲ್ಲು ತಗೊಳ್ಳೋಣ ಎಂದವಳು ಅವಳೇ. ಕಲ್ಲುದಾರಿಗೂ ತಡೆಯುವ ದಪ್ಪ ಟೈರಿನ ಎರಡು ಸೈಕಲ್ಲು ಒಟ್ಟಿಗೇ ತಂದೆವು. ಹೆಲ್ಮೆಟ್ ಹಾಕಿಕೊಂಡು ಹೊರಟ ನಮ್ಮನ್ನು ಬೀದಿಯವರು ಮೊದಮೊದಲು ನಿಂತು ನೋಡುತ್ತಿದ್ದರು. ಆಮೇಲೆ ಬಿಟ್ಟರು.

ಭಾನುವಾರ ಬೆಳಿಗ್ಗೆ ಕೊರಟಗೆರೆ ಕಡೆ ಹೋಗುತ್ತಿದ್ದೆವು. ಏರು ಬಂದಾಗಲೆಲ್ಲ ನಾನು ಹಿಂದೆ. ಮೋಟಾರು ಇಬ್ಬರದೂ ಒಂದೇ. ಆದರೆ ನಾನು ಭಾರದ ಗೇರಿನಲ್ಲೇ ಹಲ್ಲು ಕಚ್ಚಿ ನಿಧಾನವಾಗಿ ಒತ್ತುತ್ತಿದ್ದೆ. ಮೋಟಾರು ಗುರುಗುಟ್ಟಿ ಬಿಸಿಯಾಗುತ್ತಿತ್ತು. ಏರು ಮುಗಿಯುವ ಮೊದಲೇ ಸುಸ್ತಾದಂತೆ ಅದರ ಆಸರೆ ಕಡಿಮೆಯಾಗುತ್ತಿತ್ತು. ಮನೆ ಸೇರುವಷ್ಟರಲ್ಲಿ ನನ್ನ ಬ್ಯಾಟರಿ ಖಾಲಿ. ಅವಳದರಲ್ಲಿ ಇನ್ನೂ ಉಳಿದಿರುತ್ತಿತ್ತು.

"ಅಂಗೆ ಒತ್ತಬ್ಯಾಡ ಕಣೆ," ಎನ್ನುತ್ತಿದ್ದಳು. "ಗೇರು ಇಳ್ಸು. ಕಾಲು ಬಿರಬಿರನೆ ತಿರುಗ್ತಾ ಇದ್ರೇನೆ ಮೋಟ್ರು ಕೈ ಹಿಡಿಯೋದು."

"ಗಾಳಿ ತುಳಿದಂಗೆ ಆಗುತ್ತೆ. ಕಾಲಿಗೆ ಏನೂ ಸಿಗೋದೇ ಇಲ್ಲ," ಎನ್ನುತ್ತಿದ್ದೆ ನಾನು.

ಅವಳು ನಗುತ್ತಾ ಮುಂದೆ ಹೋಗಿ ತುದಿಯಲ್ಲಿ ಕಾಯುತ್ತಿದ್ದಳು. ಕಾಯುವವಳು ಇದ್ದಳಲ್ಲ, ನಾನು ಕಲಿಯಲೇ ಇಲ್ಲ.

ಕಳೆದ ವರ್ಷ ಅವಳಿಗೆ ಮದುವೆಯಾಯಿತು. ಹೆಂಡತಿ ತೀರಿಕೊಂಡಿದ್ದ ಮೈಸೂರಿನ ಒಬ್ಬ ಮೇಷ್ಟರು, ಒಳ್ಳೆಯ ಮನುಷ್ಯ. ಹುಲಿಕುಂಟೆಯ ಅವಳಣ್ಣನ ಮನೆ ಮುಂದೆ ಚಪ್ಪರ. ಧಾರೆ ಸೀರೆಯ ನೆರಿಗೆ ಹಿಡಿದವಳು ನಾನೇ. ವರ್ಗವೂ ಸಿಕ್ಕಿ ಅವಳು ಹೊರಟುಹೋದಳು. ಅವಳ ಸೈಕಲ್ಲು ಮೆಟ್ಟಿಲ ಕೆಳಗೆ ಉಳಿಯಿತು. ಕೆಳಗಿನ ಮನೆಗೆ ಹೊಸಬರು ಬಂದರು. ಅವರ ಟಿವಿಯ ಸದ್ದು ಕೇಳಿಕೊಂಡು ನಾನು ಊಟ ಮುಗಿಸುತ್ತಿದ್ದೆ.

ಒಬ್ಬಳೇ ಸೈಕಲ್ಲು ಹತ್ತತೊಡಗಿದಾಗ, ಮಾತಿಲ್ಲದ್ದಕ್ಕೋ ಏನೋ, ಮೋಟಾರಿನ ಸದ್ದು ಕಿವಿಗೆ ಬೀಳತೊಡಗಿತು. ಒಂದು ಬೆಳಿಗ್ಗೆ ಏರು ಶುರುವಾಗುವ ಮೊದಲೇ ಗೇರು ಇಳಿಸಿದೆ. ಮೊದಲು ಕಾಲಿಗೆ ಏನೂ ಸಿಗಲಿಲ್ಲ. ಬಿಡದೆ ತಿರುಗಿಸಿದೆ. ಗುರುಗುಟ್ಟುವಿಕೆ ಹೋಗಿ ಸಣ್ಣ, ಸಮನಾದ ಸದ್ದು ಬಂತು. ಸೈಕಲ್ಲು ಎದ್ದು ಹೊರಟಿತು. ತೀರಾ ಜೋರಾಗಿ ತಿರುಗಿಸಿದರೆ ಸೀಟಿನ ಮೇಲೆ ಕುಪ್ಪಳಿಸುವಂತಾಗಿ, ಮೋಟಾರಿನ ಆಸರೆ ಮತ್ತೆ ತಗ್ಗುತ್ತಿತ್ತು. ಅದಕ್ಕಿಂತ ಒಂದಿಷ್ಟು ಕಡಿಮೆ ವೇಗ ಸರಿಹೋಯಿತು. ತುದಿ ಮುಟ್ಟಿದಾಗ ಏದುಸಿರೂ ಇರಲಿಲ್ಲ.

ಹೇಳಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಅವಳಿಗೆ ಫೋನ್ ಮಾಡಿದೆ.

"ನಂಗೆ ಬಂತು ಕಣೆ, ತಿರುಗಿಸೋದು!"

"ಏನು ತಿರುಗ್ಸೋದು? ತಡಿ, ನೆಂಟ್ರು ಬಂದವ್ರೆ. ಆಮೇಲೆ ಮಾಡ್ತೀನಿ."

ಅವಳು ಮಾಡಿದ್ದು ಕೆಲವು ದಿನ ಬಿಟ್ಟು. "ಆ ಸೈಕಲ್ಲು ಯಾರಿಗಾದ್ರೂ ಕೊಟ್ಬುಡೆ. ಇಲ್ಲಿಗೆ ತಂದು ಏನ್ಮಾಡ್ಲಿ?" ಎಂದಳು. ಆಗಲಿ ಎಂದೆ. ಏರಿನ ವಿಷಯ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೊಳ್ಳಲು ಬಂದವರು ಪಾವಗಡದ ಕಡೆಯ ಒಬ್ಬರು. ಸೋಲಾರ್ ಪಾರ್ಕಿನಲ್ಲಿ ಕೆಲಸ, ಕ್ಯಾತಗಾನಚೆರ್ಲುವಿನಲ್ಲಿ ಬಾಡಿಗೆ ರೂಮು, ಹೆಚ್ಚುಕಡಿಮೆ ನನ್ನದೇ ವಯಸ್ಸು. ನಮ್ಮ ಬೀದಿಯ ಏರಿನಲ್ಲಿ ಓಡಿಸಿ ನೋಡಿ, ಬೆವರುತ್ತಾ ವಾಪಸು ಬಂದರು.

"ಇದೇನ್ ಮೇಡಂ, ಮೋಟ್ರು ಮಲಗೈತಾ?"

ನಗು ಬಂತು. ನನ್ನ ಸೈಕಲ್ಲು ತೆಗೆದು, ಗೇರು ಇಳಿಸಿ ಅವರ ಪಕ್ಕದಲ್ಲೇ ಏರಿ ತೋರಿಸಿದೆ. ಎರಡನೇ ಸಲ ಅವರೂ ಸರಾಗವಾಗಿ ಹತ್ತಿದರು. ಲಗೇಜ್ ಆಟೋ ಸೈಕಲ್ಲನ್ನು ಹೊತ್ತು ತಿರುವಿನಲ್ಲಿ ಮರೆಯಾಗುವವರೆಗೆ ಗೇಟಿನ ಹತ್ತಿರ ನಿಂತಿದ್ದೆ. ಒಳಗೆ ಹೋಗಲು ಮನಸ್ಸಾಗಲಿಲ್ಲ.

ಮೊನ್ನೆ ಸಂಜೆ ಅವರು ಫೋನ್ ಮಾಡಿದ್ದರು.

"ಇಲ್ಲಿ ಏರಿಲ್ಲ ಮೇಡಂ, ಎದುರುಗಾಳಿ. ಅದುಕ್ಕೂ ಗೇರು ಇಳಿಸ್ಬೇಕಾ?"

"ಹೂಂ. ಗಾಳಿಯನ್ನೂ ಏರು ಅಂದ್ಕೊಳಿ."

ವಿಷಯ ಅಲ್ಲಿಗೆ ಮುಗಿದಿತ್ತು. ಅವರು ಫೋನ್ ಇಡಲಿಲ್ಲ. ದಿನವೆಲ್ಲ ಆ ಸೋಲಾರ್ ಪ್ಲೇಟುಗಳ ನಡುವೆ ಒಬ್ಬರೇ ಓಡಾಡುವುದು, ಮಾತಾಡಲು ಜನ ಸಿಗದಿರುವುದು, ರೂಮಿಗೆ ಬಂದು ಮಾಡಿಕೊಳ್ಳುವ ಅಡುಗೆ, ಎಲ್ಲ ಹೇಳುತ್ತಾ ಹೋದರು. ಅನ್ನಕ್ಕೆ ಎಸರಿಟ್ಟಿದ್ದ ನಾನು ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕುಳಿತೆ.