ಡ್ರಮ್ಮು ತೊಳೆಯುವ ಚಾಸಿಬನ ಮೂಗು

ಬಸ್ರಾದಿಂದ ಜುಬೈರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಚಾಸಿಬನ ಅಂಗಳ. ಕಾರ್ಖಾನೆಗಳಿಂದ ಬರಿದಾಗಿ ಬಂದ ಎದೆಮಟ್ಟದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಸೋಡಾ, ಬಿಸಿನೀರು ಹಾಕಿ ಉರುಳಾಡಿಸಿ ತೊಳೆದು, ಮನೆಗಳಲ್ಲಿ ನೀರು ತುಂಬಿಡುವುದಕ್ಕೆ ಮಾರುವುದು ಅವನ ಕಸುಬು. ಅದಕ್ಕೆ ಮುಂಚೆ ಹದಿನೆಂಟು ವರ್ಷ ಅಂಥವೇ ಡ್ರಮ್ಮುಗಳನ್ನು ಮಾಡುವ ಕಾರ್ಖಾನೆಯಲ್ಲಿದ್ದ. ಕಾಳುಕಾಳಾಗಿ ಬಂದ ಪಾಲಿಎಥಿಲೀನು ಕರಗಿ, ಅಚ್ಚಿನೊಳಗೆ ಗಾಳಿ ತುಂಬಿಸಿಕೊಂಡು ಉಬ್ಬುವುದನ್ನು ನೋಡಿ ನೋಡಿ ಅದರ ಗುಣ ಅವನಿಗೆ ಕರತಲಾಮಲಕ. ಆ ಕಾರ್ಖಾನೆ ಮುಚ್ಚಿದ ಮೇಲೆ ಈ ಅಂಗಳ.

"ಇದು ನೀರನ್ನ ಮೈಗೆ ಹಚ್ಕೊಳಲ್ಲ. ಆದ್ರೆ ಕಾರ್ಖಾನೆಯ ರಾಸಾಯನಿಕ ಮದ್ದು, ಎಣ್ಣೆ ಅಂದ್ರೆ ಕುಡಿದು ಇಟ್ಕೊಳ್ಳುತ್ತೆ. ಎಷ್ಟೇ ತೊಳೀರಿ, ಆಮೇಲೆ ಮೆಲ್ಲಗೆ ಕಕ್ಕುತ್ತೆ," ಎಂದು ಕೊಳ್ಳಲು ಬಂದವರಿಗೆ ಹೇಳುತ್ತಿದ್ದ.

ಹಾಗಾಗಿ ಖರ್ಜೂರದ ಪಾಕ, ವಿನಿಗರ್, ಸಾಬೂನಿನ ದ್ರಾವಣ ತುಂಬಿದ್ದ ಡ್ರಮ್ಮುಗಳು ಮಾತ್ರ ನೀರಿಗೆ. ಮದ್ದಿನ ಡ್ರಮ್ಮನ್ನು ಗರಗಸದಿಂದ ಕೊಯ್ದು ಗುಜರಿಗೆ ಹಾಕುತ್ತಿದ್ದ. ಒಳಗೆ ಏನಿತ್ತೆಂದು ಹೇಳುವ ಮೇಲಿನ ಚೀಟಿ ಉಳಿದು ಬರುತ್ತಿದ್ದುದು ಅಪರೂಪ. ಚಾಸಿಬ್ ಬಿರಡೆ ಬಿಚ್ಚಿ, ಮೂಗು ತೂರಿಸಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದ. ಒಂದು ಸಲವೂ ತಪ್ಪಿರಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ಹನ್ನೊಂದು ದಿನ ಜ್ವರ ಬಂತು. ಎದ್ದಾಗ ಹೆಂಡತಿ ವಬ್ರಿಯಾ ಒಣನಿಂಬೆಯ ಚಹಾ ಕೊಟ್ಟಳು. ಬರೀ ಬಿಸಿನೀರು ಕುಡಿದಂತಾಯಿತು. ಇಂದು ಬಂದೀತು, ನಾಳೆ ಬಂದೀತು ಎಂದು ಕಾದ. ಮೂಗಿಗೆ ವಾಸನೆ ಮರಳಲಿಲ್ಲ. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಮುಂಚಿನ ಹಾಗೆಯೇ ಮೂಗು ತೂರಿಸಿ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಡ್ರಮ್ಮು ತಂದ ಲಾರಿಯವನು ಏನು ಹೇಳುತ್ತಾನೋ ಅದನ್ನೇ ನಂಬುತ್ತಿದ್ದ.

ಬೇಸಿಗೆಯಲ್ಲಿ ನದಿಗೆ ಸಮುದ್ರದ ಉಪ್ಪು ಏರಿತು. ನಲ್ಲಿಯ ನೀರು ಬಾಯಿಗೆ ಇಡುವಂತಿರಲಿಲ್ಲ. ಮನೆಮನೆಯವರೂ ಟ್ಯಾಂಕರಿನ ನೀರು ಹಿಡಿದಿಡಲು ಡ್ರಮ್ಮು ಹುಡುಕಿಕೊಂಡು ಬಂದರು. ಆಗ ಒಬ್ಬ ಲಾರಿಯವನು ಚೀಟಿ ಕೆರೆದು ತೆಗೆದ ಮೂರು ಡ್ರಮ್ಮು ಇಳಿಸಿದ. "ಸಾಬೂನಿಂದು ಹಾಜಿ, ಬರೀ ಸಾಬೂನು," ಅಂದ. ಚಾಸಿಬ್ ಮೂಗು ತೂರಿಸಿದ, ತಲೆಯಾಡಿಸಿದ. ತೊಳೆದು ಎರಡನ್ನು ಮಾರಿದ. ಮೂರನೆಯದರ ತಳ ಸೀಳಿತ್ತು.

ನಾಲ್ಕು ದಿನದ ಮೇಲೆ ಅದನ್ನು ಕೊಯ್ಯುತ್ತಾ ಕೂತಿದ್ದಾಗ ವಬ್ರಿಯಾ ಬಂದು ತಲೆವಸ್ತ್ರದ ಅಂಚಿನಿಂದ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು, ಕೊಳೆತ ಮೀನು ತುಂಬಿಟ್ಟಿದ್ರಾ?"

ಅವನ ಕೈಯಲ್ಲಿ ಗರಗಸ ನಿಂತಿತು. ಮೀನಿನ ವಾಸನೆಯ ಮದ್ದು ಯಾವುದೆಂದು ಅವನಿಗೆ ಗೊತ್ತಿತ್ತು: ತೈಲದ ಕೊಳವೆಗಳು ತುಕ್ಕು ಹಿಡಿಯದಂತೆ ಸುರಿಯುವಂಥದ್ದು.

"ನಿಂಗೆ ಬರ್ತಿದೆಯಾ ವಾಸನೆ?"

"ಬರ್ದೇ ಇರುತ್ತಾ? ನಿಮಗೆ ಬರ್ತಿಲ್ವಾ?" ಎಂದವಳು ಅವನ ಮುಖ ನೋಡಿದಳು. ಮೆಲ್ಲಗೆ ಕೇಳಿದಳು, "ಎಷ್ಟು ದಿನದಿಂದ?"

"ಜ್ವರ ಬಂದಾಗಿಂದ."

"ನಂಗಾದ್ರೂ ಹೇಳಬಾರದಿತ್ತಾ? ನಂಗೂ ಒಂದು ಮೂಗಿದೆಯಲ್ಲ."

ಅವನು ಆಗಲೇ ಎದ್ದು ಹೊರಟಿದ್ದ. ಒಂದು ಡ್ರಮ್ಮು ಹತ್ತಿರದ ಟೊಮೆಟೊ ತೋಟದವನದು. ಇನ್ನೂ ನೀರು ತುಂಬಿರಲಿಲ್ಲ, ಅಲ್ಲೇ ಒಡೆದು ಹಾಕಿದ. ಇನ್ನೊಂದನ್ನು ಕೊಂಡವಳು ಗಲ್ಲದ ಮೇಲೆ ಹಚ್ಚೆಯಿದ್ದ ಮುದುಕಿ. ಹಯ್ಯಾನಿಯಾ ಕಡೆಯವಳು ಎನ್ನುವುದಷ್ಟೇ ನೆನಪಿತ್ತು. ಹಯ್ಯಾನಿಯಾ ಅಂದರೆ ಗಲ್ಲಿಯೊಳಗೆ ಗಲ್ಲಿ. ಸುಡುಬಿಸಿಲಿನಲ್ಲಿ ಎರಡು ದಿನ ಬಾಗಿಲು ಬಾಗಿಲು ತಟ್ಟಿದ. ಕಂಡ ನೀಲಿ ಡ್ರಮ್ಮಿನ ಬಳಿಯೆಲ್ಲ ನಿಂತು, "ಇದು ಯಾರ ಹತ್ರ ತಗೊಂಡಿದ್ದು?" ಎಂದು ಕೇಳಿದ. ಕೆಲವರು ಹುಚ್ಚನೆಂದರು. ಎರಡನೆಯ ದಿನ ಮಧ್ಯಾಹ್ನ ನೀರಿನ ಟ್ಯಾಂಕರಿನವನೊಬ್ಬ, "ಹಚ್ಚೆ ಮುದುಕಿಯಾ? ಉಮ್ ಸತ್ತಾರ್. ಬೇಕರಿ ಹಿಂದಿನ ಮನೆ," ಎಂದ.

ಡ್ರಮ್ಮು ಅಂಗಳದಲ್ಲೇ ಇತ್ತು. ಅರ್ಧ ಖಾಲಿ.

"ಅವ್ವಾ, ಅದರ ನೀರು ಕುಡೀಬೇಡಿ. ಅದರಲ್ಲಿ ಮದ್ದು ಇತ್ತು," ಎಂದ ಏದುಸಿರು ಬಿಡುತ್ತಾ.

ಉಮ್ ಸತ್ತಾರ್ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಈಗ ಡ್ರಮ್ಮಿಗೆ ಬೇಡಿಕೆ ಜಾಸ್ತಿಯಾಗಿದೆ ಅಂತ ವಾಪಸ್ ಇಸ್ಕೊಂಡು ಹೋಗೋಕೆ ಬಂದ್ಯಾ? ನೀನೇ ಮೂಸಿ ಕೊಟ್ಟೆಯಲ್ಲಪ್ಪ ನನ್ನೆದುರಿಗೆ."

"ಮೂಸಿದ ಹಾಗೆ ಮಾಡ್ದೆ. ನಂಗೆ ವಾಸನೆ ತಿಳಿಯಲ್ಲ ಅವ್ವಾ. ಆರು ತಿಂಗಳಾಯ್ತು. ಸುಳ್ಳು ಹೇಳ್ದೆ."

ಮುದುಕಿ ಡ್ರಮ್ಮಿನ ಮೇಲೆ ಬಗ್ಗಿದಳು. "ಮೀನು ನಾತ ಇದೆ. ನದೀಲಿ ಮೀನು ಸತ್ತು ತೇಲ್ತಿವೆಯಲ್ಲ, ಆ ನೀರೇ ತಂದು ಸುರೀತಾರೆ ಅಂದ್ಕೊಂಡಿದ್ದೆ." ಅಷ್ಟರಲ್ಲಿ ಒಳಗೆ ಯಾರೋ ಓಕರಿಸುವ ಸದ್ದು ಕೇಳಿಸಿತು. "ನನ್ನ ಸೊಸೆ ಇಬ್ತಿಹಾಲ್. ನಾಲ್ಕು ತಿಂಗಳ ಬಸುರಿ. ಬಸುರಿಯ ವಾಂತಿ ಅಂತ..." ಎನ್ನುತ್ತಲೇ ಅವಳು ಒಳಗೆ ಓಡಿದಳು.

ಚಾಸಿಬ್ ಡ್ರಮ್ಮನ್ನು ಒದ್ದು ಉರುಳಿಸಿದ. ಗಾಡಿ ಹಿಡಿದು ತಂದು ಇಬ್ತಿಹಾಲಳನ್ನು ಆಸ್ಪತ್ರೆಗೆ ಸಾಗಿಸಿದ. ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀರಿನಿಂದ ಹೊಟ್ಟೆ ಕೆಟ್ಟವರು ನೆಲದ ಮೇಲೂ ಮಲಗಿದ್ದರು. ಅವನು ಡ್ರಮ್ಮಿನ ವಿಷಯ ಒಂದೂ ಮುಚ್ಚಿಡದೆ ಡಾಕ್ಟರಮ್ಮನಿಗೆ ಹೇಳಿದ. ಮೂರನೆಯ ದಿನಕ್ಕೆ ಇಬ್ತಿಹಾಲಳ ಜೀವ ಉಳಿಯಿತು. ಬಸುರು ಉಳಿಯಲಿಲ್ಲ.

"ನಮ್ಮ ಡ್ರಮ್ಮಿಂದಾನೇ ಆಯ್ತಾ ಡಾಕ್ಟ್ರೇ?" ಎಂದು ಕೇಳಿದ.

"ಅದರಿಂದಲೂ ಆಗಿರಬಹುದು, ಊರ ನೀರಿಂದಲೂ ಆಗಿರಬಹುದು. ಹೇಗೆ ಹೇಳಲಿ? ಈ ವಾರ ಇಂಥವರು ಇನ್ನೂ ನಾಲ್ವರು ಬಂದಿದ್ದಾರೆ," ಎಂದು ಆಕೆ ಮುಂದಿನ ಹಾಸಿಗೆಗೆ ಹೋದಳು.

ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ. ನೀನೇ ಕಾರಣ ಎಂದಿದ್ದರೆ ಆಗುತ್ತಿತ್ತೇನೋ. ಶುದ್ಧ ನೀರಿನ ಕ್ಯಾನು ಹೊತ್ತು ದಿನಾ ಆ ಮನೆಗೆ ಹೋದ. ಉಮ್ ಸತ್ತಾರ್ ಬೈಯಲಿಲ್ಲ. ಎಂಟನೆಯ ದಿನ ಬಾಗಿಲಲ್ಲೇ ತಡೆದಳು.

"ಇನ್ನು ಬರಬೇಡಪ್ಪ. ನಿನ್ನ ದನಿ ಕೇಳಿದಾಗೆಲ್ಲ ಅವಳು ಮತ್ತೆ ಅಳೋಕೆ ಶುರು ಮಾಡ್ತಾಳೆ."

ಕ್ಯಾನನ್ನು ಹೊಸ್ತಿಲ ಬಳಿ ಇಟ್ಟು ಹಿಂದಿರುಗಿದ. ಅಂಗಳದಲ್ಲಿ ತೊಳೆದಿಟ್ಟ ನಲವತ್ತು ಡ್ರಮ್ಮುಗಳಿದ್ದವು. ವಬ್ರಿಯಾ ಒಂದೊಂದನ್ನೂ ಮೂಸಿ ನೋಡಿ, ಒಳ್ಳೆಯವನ್ನು ಬೇರೆ ಮಾಡಿಟ್ಟಿದ್ದಳು.

"ಇವನ್ನ ಮಾರಬಹುದು ರೀ. ಜನಕ್ಕೆ ಬೇಕಲ್ಲ," ಎಂದಳು.

ಚಾಸಿಬ್ ಗರಗಸ ತೆಗೆದುಕೊಂಡು ಆ ಒಳ್ಳೆಯವುಗಳಲ್ಲೇ ಮೊದಲನೆಯದನ್ನು ಕೊಯ್ಯತೊಡಗಿದ. ರಸ್ತೆಯಲ್ಲಿ ಡ್ರಮ್ಮು ಕೇಳಿಕೊಂಡು ಬಂದ ಇಬ್ಬರು ಹೆಂಗಸರು ನಿಂತು ನೋಡುತ್ತಿದ್ದರು.