ಬಸುರಾಗುವ ಗಂಡು

ದಕ್ಷಿಣ ಆಫ್ರಿಕಾದ ಬುಶ್‌ಮನ್ಸ್ ನದಿಯ ಅಳಿವೆಯಲ್ಲಿ, ಗಾಳ ಹಾಕುವವರಿಗೆ ಎರೆಯಾಗಿ ಕೆಸರು ಸಿಗಡಿ ಹಿಡಿದು ಮಾರುತ್ತಲೇ ನೊಸಕೆಲೆ ಮುದುಕಿಯಾದಳು. ನೀರೊಳಗಿನ ಹುಲ್ಲುಹಾಸಿಗೆ ಮಾತ್ರ ಅವಳೆಂದೂ ಕಾಲಿಟ್ಟವಳಲ್ಲ. ಕಡ್ಡಿಯಂಥ ಕೊಳವೆಮೀನು ಉಳಿದಿರುವುದೇ ಇಂಥ ಕೆಲವು ಅಳಿವೆಗಳಲ್ಲಿ; ಹುಲ್ಲು ಹೋದರೆ ಅದೂ ಹೋದಂತೆ. ಆದರೆ ಈ ಬೇಸಿಗೆಯಲ್ಲಿ ಗಂಡಸರು ಸಿಗಡಿಗಾಗಿ ಆ ಹುಲ್ಲನ್ನೇ ಅಗೆಯತೊಡಗಿದರು. ಅಗೆಯಬಾರದೆಂದು ನೆಟ್ಟಿದ್ದ ಫಲಕದ ಮೇಲೆ ಅಂಗಿ ಒಣಹಾಕಿದರು.

ಒಂದು ಬೆಳಿಗ್ಗೆ ತಂಗಿಯ ಮಗ ಲ್ವಾಂಡಿಸೊ ಸಲಿಕೆ ಹಿಡಿದು ಅತ್ತ ಹೊರಟಾಗ, ಅವಳು ಹುಲ್ಲಿನಂಚಿನಿಂದ ಬೊಗಸೆ ನೀರಿನಲ್ಲಿ ಒಂದು ಕೊಳವೆಮೀನನ್ನು ಎತ್ತಿ ತೋರಿಸಿದಳು. ಅದರ ಹೊಟ್ಟೆ ಉಬ್ಬಿತ್ತು.

"ಬಸುರಿ ಅಲ್ವಾ, ದೊಡ್ಡಮ್ಮ?"

"ಇದು ಗಂಡು ಕಣೋ. ಹೆಣ್ಣು ಮೊಟ್ಟೇನ ಇವನ ಚೀಲಕ್ಕೆ ಹಾಕಿ ತನ್ನ ಪಾಡಿಗೆ ಹೋಗ್ತಾಳೆ. ಹೊರೋದೆಲ್ಲ ಇವನೇ."

ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟು, ಅವಳು ಅವನ ಬಿಯರ್ ಹೊಟ್ಟೆಯನ್ನು ದಿಟ್ಟಿಸಿದಳು.

"ಆ ಹುಲ್ಲಲ್ಲಿ ನಿಂತ ಗಂಡಸರಿಗೆಲ್ಲ ಹೀಗೇ ಆಗೋದು. ನಿಂಗೀಗ ಎಷ್ಟು ತಿಂಗಳಪ್ಪಾ?"

ದಡದಲ್ಲಿದ್ದವರು ಬಿದ್ದು ಬಿದ್ದು ನಕ್ಕರು.

"ಮಗೂಗೆ ಏನು ಹೆಸರಿಡ್ತೀಯೋ?" ಎಂದ ಒಬ್ಬ.

"ಮೊದಲು ನಿನ್ನ ಹೆರಿಗೆ ಆಗ್ಲಿ," ಎಂದು ಲ್ವಾಂಡಿಸೊ ಗೊಣಗಿದ.

ಮುದುಕಿಯ ಮಾತನ್ನು ಯಾರೂ ನಂಬಲಿಲ್ಲ. ಆದರೆ ಅಂದಿನಿಂದ ಹುಲ್ಲಿಗೆ ಇಳಿದವನಿಗೆಲ್ಲ ದಡದಿಂದ "ಎಷ್ಟು ತಿಂಗಳಪ್ಪಾ?" ಎಂಬ ಪ್ರಶ್ನೆ ಬರತೊಡಗಿತು. ವಾರ ಕಳೆಯುವುದರೊಳಗೆ ಗಂಡಸರೆಲ್ಲ ಹುಲ್ಲು ಬಿಟ್ಟು, ಮೊಣಕಾಲುದ್ದದ ಕೆಸರಿನಲ್ಲೇ ಸುತ್ತು ಬಳಸಿ ನಡೆದರು. ನೊಸಕೆಲೆಯ ಮುಂದೆ ಹಾದುಹೋಗುವಾಗ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡರು.