ಕುರಿ ರಕ್ತದ ಪ್ಲೇಟು

ಕಳೆದ ತಿಂಗಳು ನಮ್ಮ ಲ್ಯಾಬನ್ನು ಮೇಲಿನ ಮಹಡಿಗೆ ಸಾಗಿಸುವಾಗ ಹಳೆಯ ಬೀರುವಿನ ಹಿಂದೆ ಒಂದು ಗಾಜಿನ ಫ್ಲಾಸ್ಕ್ ಸಿಕ್ಕಿತು. ತಳ ಅಗಲ, ಬಾಯಿ ಕಿರಿದು. ಒಳಗೆ ಒಂದು ಹಿಡಿ ಗಾಜಿನ ಮಣಿಗಳು, ಜೋಳದ ಕಾಳಿನಷ್ಟು ಗಾತ್ರದವು. ಎತ್ತಿದ ಕೂಡಲೇ ಎಲ್ಲವೂ ಒಂದು ಕಡೆಗೆ ಉರುಳಿ ಸದ್ದು ಮಾಡಿದವು. ಜೊತೆಗಿದ್ದ ಹೊಸಬರಿಗೆ ಅದು ಏಕೆಂದೇ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಈಗ ಪ್ಲೇಟುಗಳೆಲ್ಲ ಕಂಪನಿಯಿಂದ ಪ್ಯಾಕೆಟ್ಟಿನಲ್ಲಿ ಸಿದ್ಧವಾಗಿಯೇ ಬರುತ್ತವೆ. ನಾನು ಮಾತ್ರ ಆ ಸದ್ದು ಕೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ...

ಆ ಫ್ಲಾಸ್ಕಿನ ಒಡತಿಯನ್ನು ಲ್ಯಾಬಿನಲ್ಲಿ ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಡಾಕ್ಟರುಗಳೂ ಹಾಗೇ. ಹೊಸಕೋಟೆ ಪೇಟೆಯವರು, ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಡಿಪ್ಲೊಮಾ ಮಾಡಿಕೊಂಡು ಇಪ್ಪತ್ತು ವರ್ಷದಿಂದ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದರು. ನಾನು ಬಿಎಸ್ಸಿ ಮೈಕ್ರೋಬಯಾಲಜಿ ಮುಗಿಸಿ ಅವರ ಕೈಕೆಳಗೆ ಸೇರಿದೆ. ಅನುಗೊಂಡನಹಳ್ಳಿ ಹೋಬಳಿಯ ನಮ್ಮ ಹಳ್ಳಿಯಲ್ಲಿ, ನಮ್ಮ ವಂಶದಲ್ಲಿ, ಪದವಿ ಪಡೆದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಸಂಕೋಚವಿದ್ದದ್ದು ಬೇರೆಯದಕ್ಕೆ.

ಅಪ್ಪ ಕುರಿ ಸಾಕುತ್ತಿದ್ದ. ಮೂವತ್ತು ಚಿಲ್ಲರೆ ಕುರಿ. ದೊಡ್ಡಿ ಮನೆಗೆ ಅಂಟಿಕೊಂಡೇ ಇತ್ತು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಾನು ಹತ್ತಿದರೆ ಹಿಂದಿನ ಸೀಟಿನಿಂದ ಯಾರಾದರೊಬ್ಬರು ಮೆಲ್ಲಗೆ "ಮ್ಯಾ" ಎನ್ನುತ್ತಿದ್ದರು. ಮೂರು ವರ್ಷ ಹಾಗೆಯೇ ಕಳೆದೆ. ಕೆಲಸಕ್ಕೆ ಸೇರಿದ ಮೇಲೆ ಮನೆಯ ಬಗ್ಗೆ ಯಾರಾದರೂ ಕೇಳಿದರೆ ಹೊಲವಿದೆ, ರಾಗಿ ಹಾಕುತ್ತೇವೆ ಎನ್ನುತ್ತಿದ್ದೆ. ಕುರಿಯ ಮಾತೇ ಎತ್ತುತ್ತಿರಲಿಲ್ಲ.

ಲ್ಯಾಬಿನ ಕೆಲಸ ತಿಳಿಯದವರಿಗೆ ಒಂದು ಮಾತು ಹೇಳಬೇಕು. ರೋಗಿಯ ಮೈಯಲ್ಲಿ ಹೊಕ್ಕಿರುವ ಸೂಕ್ಷ್ಮಜೀವಿ ಯಾವುದೆಂದು ತಿಳಿಯಬೇಕಾದರೆ ಮೊದಲು ಅದನ್ನು ಹೊರಗೆ ಬೆಳೆಸಬೇಕು. ಬೆಳೆಯಲು ಅದಕ್ಕೆ ಆಹಾರ ಬೇಕು. ಆ ಆಹಾರವನ್ನೇ ನಾವು ಮೀಡಿಯಾ ಎನ್ನುವುದು. ಅಗರ್ ಪುಡಿಯನ್ನು ಕುದಿಸಿ ಮುಚ್ಚಳದ ತಟ್ಟೆಗೆ ಹೊಯ್ದರೆ ಅದು ಹಾಲುಬಾಯಿಯ ಹಾಗೆ ಹೆಪ್ಪುಗಟ್ಟುತ್ತದೆ. ಕೆಲವು ಜೀವಿಗಳಿಗೆ ಅಷ್ಟು ಸಾಕು. ಕೆಲವಕ್ಕೆ ರಕ್ತ ಬೆರೆಸಿಯೇ ಕೊಡಬೇಕು. ಅಂಥವು ರಕ್ತದ ಪ್ಲೇಟಿನಲ್ಲಿ ಬೆಳೆಯುವುದಷ್ಟೇ ಅಲ್ಲ, ಸುತ್ತಲಿನ ಕೆಂಪನ್ನು ಕರಗಿಸಿ ತಮ್ಮ ಗುರುತನ್ನೂ ಹೇಳುತ್ತವೆ. "ಅದಕ್ಕೆ ಏನು ಇಷ್ಟ ಅಂತ ತಿಳ್ಕೊಂಡು ಇಕ್ಬೇಕು ಬೇಟಾ," ಎನ್ನುತ್ತಿದ್ದರು ಆಪಾ. "ಬೀಗರ ಮನೆಯವರು ಬಂದಂಗೆ. ಊಟ ಸರಿಯಿಲ್ದಿದ್ರೆ ಬಾಯೇ ಬಿಡಲ್ಲ."

ಆ ರಕ್ತ ಕುರಿಯದೇ ಆಗಬೇಕೆಂಬುದು ಅವರ ಹಟ. ಹದಿನೈದು ದಿನಕ್ಕೊಮ್ಮೆ ಕೆರೆಯಾಚೆಯ ಕುರಿಗಾಹಿಯೊಬ್ಬನ ಬಳಿ ಹೋಗಿ, ಕುರಿಯ ಕತ್ತಿನ ತುಪ್ಪಳ ಕತ್ತರಿಸಿ, ಸ್ಪಿರಿಟ್ ಹಚ್ಚಿ, ಸೂಜಿಯಿಂದ ರಕ್ತ ಎಳೆದು ಈ ಮಣಿಯ ಫ್ಲಾಸ್ಕಿಗೆ ಬಿಡುತ್ತಿದ್ದರು. ಆಮೇಲೆ ನಿಲ್ಲದೆ ಅಲುಗಾಡಿಸಬೇಕು. ಹೆಪ್ಪುಗಟ್ಟುವ ನಾರೆಲ್ಲ ಮಣಿಗೆ ಸುತ್ತಿಕೊಂಡು ರಕ್ತ ನೀರಾಗಿಯೇ ಉಳಿಯುತ್ತದೆ. ಆಟೋದಲ್ಲಿ ಕುಳಿತು ಫ್ಲಾಸ್ಕ್ ಅಲುಗಾಡಿಸುತ್ತ ಬರುವ ಆಪಾರನ್ನು ಕಂಡು ಗೇಟಿನವನು, "ಆಪಾ, ಬುಡುಬುಡಿಕೆ ಶುರುವಾಯ್ತಾ?" ಎಂದು ರೇಗಿಸುತ್ತಿದ್ದ.

ಆ ವರ್ಷ ಬಕ್ರೀದ್‌ಗೆ ಎರಡು ದಿನ ಮುಂಚೆ ರಕ್ತದ ಪ್ಲೇಟುಗಳು ಮುಗಿಯುತ್ತ ಬಂದಿದ್ದವು. ಆಪಾ ರಜೆಗೆ ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು.

"ಕೆರೆ ಹತ್ರದವನು ಹಬ್ಬದ ವ್ಯಾಪಾರಕ್ಕೆ ಹೋಗಿದ್ರೂ ಹೋಗಿರ್ತಾನೆ. ನಿಮ್ಮ ಊರ ಕಡೆ ಯಾರಾದ್ರೂ ಕುರಿಯವರು ಇದ್ದಾರಾ? ನಿಮ್ಮನೇಲಿ?"

"ಇಲ್ಲ ಆಪಾ," ಎಂದೆ. ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಮಾರನೆಯ ದಿನ ಕೆರೆಯಾಚೆ ಹೋದೆ. ದೊಡ್ಡಿ ಖಾಲಿ. ಕುರಿಗಾಹಿಯ ಹೆಂಡತಿ ಕಸ ಗುಡಿಸುತ್ತಿದ್ದಳು. "ಟಗರೆಲ್ಲ ನಿನ್ನೇನೇ ಟೆಂಪೋ ಹತ್ತಿದ್ವು ಕಣಮ್ಮ. ಉಳಿದಿದ್ದನ್ನ ಮೇಯಿಸೋಕೆ ಕೋಲಾರದ ಕಡೆ ಹೊಡ್ಕೊಂಡು ಹೋದ್ರು. ಹಬ್ಬ ಕಳೀಲಿ, ಬಾ," ಎಂದಳು.

ನಮ್ಮ ಮನೆಯಿಂದ ತರಬಹುದಿತ್ತು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾನು ಮಾಡಿದ್ದು ಬೇರೆ. ಕೆಳಗಿನ ಬ್ಲಡ್ ಬ್ಯಾಂಕಿನಲ್ಲಿ ಅವಧಿ ಮುಗಿದು ಎಸೆಯಲು ಇಟ್ಟಿದ್ದ ಒಂದು ಬ್ಯಾಗ್ ಕೇಳಿ ತಂದೆ. ಎಷ್ಟೋ ಸಣ್ಣ ಲ್ಯಾಬುಗಳಲ್ಲಿ ಹಾಗೆಯೇ ಮಾಡುತ್ತಾರೆಂದು ಕೇಳಿದ್ದೆ. ರಕ್ತ ಯಾರದಾದರೇನು ಎಂದುಕೊಂಡೆ. ಪದವಿ ನನ್ನದು, ಆಪಾರದು ಹಳೆಯ ಕಾಲದ ಹಟ. ಪ್ಲೇಟುಗಳು ಚೆನ್ನಾಗಿಯೇ ಬಂದವು, ಕುರಿಯದಕ್ಕಿಂತ ಒಂದು ಕೈ ಹೆಚ್ಚೇ ಕೆಂಪಗೆ.

ಹಬ್ಬದ ದಿನ ನಾನೊಬ್ಬಳೇ ಇದ್ದೆ. ಜ್ವರ ಬಂದು ಹಾಲು ಬಿಟ್ಟು ಇಂಜೆಕ್ಷನ್ ಮೇಲಿದ್ದ ನಾಲ್ಕು ದಿನದ ಹಸುಗೂಸಿನ ರಕ್ತ ಹಾಕಿಟ್ಟಿದ್ದ ಬಾಟಲಿ ಬೆಳಿಗ್ಗೆ ನೋಡಿದರೆ ಮಬ್ಬಾಗಿತ್ತು. ಮಬ್ಬಾಯಿತೆಂದರೆ ಒಳಗೆ ಏನೋ ಬೆಳೆದಿದೆ ಎಂದರ್ಥ. ಆ ಮಗುವಿನ ತಾಯಿ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದವಳು. ತಂದೆ ಲ್ಯಾಬಿನ ಹೊರಗಿನ ಬೆಂಚಿನ ಮೇಲೆಯೇ ಕುಳಿತಿದ್ದ. ಸೂಕ್ಷ್ಮದರ್ಶಕದಲ್ಲಿ ದುಂಡನೆಯ ನೀಲಿ ಚುಕ್ಕೆಗಳು ಕಂಡವು. ನನ್ನ ಹೊಸ ಪ್ಲೇಟಿನ ಮೇಲೆ ಗೆರೆ ಎಳೆದು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟೆ.

ಮರುದಿನ ಬೆಳಿಗ್ಗೆ ಪ್ಲೇಟಿನ ಮೇಲೆ ಧೂಳು ಬಿದ್ದ ಹಾಗೆ ಏನೋ ಇತ್ತು. ಸಾಸಿವೆಯ ಚೂರಿನಷ್ಟೂ ಇಲ್ಲ. ಸುತ್ತ ಕೆಂಪು ಕರಗಿರಲಿಲ್ಲ. ಕಡ್ಡಿಯಿಂದ ಕೆರೆದು ಪೆರಾಕ್ಸೈಡಿಗೆ ಅದ್ದಿದೆ, ಗುಳ್ಳೆ ಬಂತು. ಗುಳ್ಳೆ ಬಂದರೆ ಸ್ಟ್ಯಾಫ್ ಗುಂಪಿನದು, ಬಾರದಿದ್ದರೆ ಸ್ಟ್ರೆಪ್. ಇಷ್ಟು ಬಡಕಲಾಗಿದ್ದರೆ ಚರ್ಮದ ಮೇಲೆ ಸುಮ್ಮನಿರುವಂಥದ್ದು, ಸೂಜಿ ಚುಚ್ಚುವಾಗ ಸೇರಿಕೊಂಡಿರಬೇಕು, ರೋಗದ್ದಲ್ಲ. ಹಾಗೆಂದು ರಿಪೋರ್ಟ್ ಬರೆದು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಮಕ್ಕಳ ಡಾಕ್ಟರ ಫೋನು. ಅದು ಚರ್ಮದ್ದೇ ಆದರೆ ಇಂಜೆಕ್ಷನ್ ನಿಲ್ಲಿಸಿ ಮಧ್ಯಾಹ್ನ ಮನೆಗೆ ಕಳಿಸುತ್ತೇನೆ, ಮಗು ಈಗ ಹಾಲು ಕುಡಿಯುತ್ತಿದೆ ಎಂದರು. ಹತ್ತು ನಿಮಿಷದಲ್ಲಿ ರಿಪೋರ್ಟ್ ಕಳಿಸುತ್ತೇನೆ ಎಂದೆ.

ಫೋನ್ ಇಟ್ಟು ತಿರುಗಿದರೆ ಆಪಾ ನಿಂತಿದ್ದರು. ಕೈತುಂಬ ಮೆಹಂದಿ, ಒಂದು ಕೈಯಲ್ಲಿ ನಮಗೆಲ್ಲ ತಂದ ಸಿಹಿಯ ಡಬ್ಬಿ. ಅದನ್ನು ಕೆಳಗಿಟ್ಟು ಪ್ಲೇಟನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದು ಯಾರ ರಕ್ತ?"

"ಬ್ಲಡ್ ಬ್ಯಾಂಕಿಂದು ಆಪಾ. ಕುರಿ ಸಿಗಲಿಲ್ಲ."

ಅವರು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕುಳಿತರು. "ಮನುಷ್ಯನ ರಕ್ತದಲ್ಲಿ ಅವನು ಪಟ್ಟ ಕಾಯಿಲೆದೆಲ್ಲ ನೆನಪಿರುತ್ತೆ ಬೇಟಾ. ಹುಳ ಬಂದ್ರೆ ಗುರುತು ಹಿಡಿದು ಅಮುಕುತ್ತೆ. ಇದು ಬಡಕಲು ಹುಳ ಅಲ್ಲ. ನೀನು ಇದಕ್ಕೆ ಉಣ್ಣೋಕೆ ಬಿಟ್ಟಿಲ್ಲ."

"ಗುಳ್ಳೆ ಬಂತಲ್ಲ?"

"ಇಷ್ಟು ಸಣ್ಣದನ್ನ ಕೆರೆದ್ರೆ ಕೆಳಗಿನ ರಕ್ತನೂ ಬರುತ್ತೆ. ರಕ್ತಾನೇ ಗುಳ್ಳೆ ಬಿಡುತ್ತೆ. ಕಾಲೇಜಲ್ಲಿ ಹೇಳ್ಕೊಡಲಿಲ್ವಾ?"

ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ...

ಅದು ಚರ್ಮದ್ದಲ್ಲದೆ ಸ್ಟ್ರೆಪ್ ಗುಂಪಿನದಾಗಿದ್ದರೆ, ಹಸುಗೂಸುಗಳ ಮೆದುಳಿಗೇ ಹತ್ತುವಂಥದ್ದಾಗಿದ್ದರೆ, ಇಂಜೆಕ್ಷನ್ ನಿಂತ ಎರಡೇ ದಿನದಲ್ಲಿ ಏನಾಗುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಖಚಿತವಾಗಿ ಹೇಳಲು ಕುರಿ ರಕ್ತದ ಪ್ಲೇಟು ಬೇಕು. ಬಾಗಿಲ ಗಾಜಿನಾಚೆ ಮಗುವಿನ ತಂದೆಯ ತಲೆ ಕಾಣುತ್ತಿತ್ತು. ಬೆಂಚಿನ ಮೇಲೆ ಬಟ್ಟೆಯ ಗಂಟು ಕಟ್ಟಿಟ್ಟುಕೊಂಡಿದ್ದ, ಮನೆಗೆ ಹೊರಡಲು.

"ಎಲ್ಲಿಂದ ತರೋಣ ಈಗ? ಹಬ್ಬದ ಮಾರನೇ ದಿನ ಹೊಸಕೋಟೆಯಲ್ಲಿ ಉಸಿರಾಡೋ ಕುರಿ ಎಲ್ಲಿದೆ?" ಎಂದರು ಆಪಾ, ತಮಗೆ ತಾವೇ ಹೇಳಿಕೊಂಡ ಹಾಗೆ.

ನಾನು ಗೋಡೆ ನೋಡುತ್ತ ಹೇಳಿದೆ. "ನಮ್ಮನೇಲಿದೆ ಆಪಾ. ಮೂವತ್ತಿದೆ. ಅವತ್ತು ಸುಳ್ಳು ಹೇಳಿದೆ."

ಅವರು ಏಕೆ ಎಂದು ಕೇಳಲಿಲ್ಲ. "ಅಪ್ಪಂಗೆ ಫೋನ್ ಹಚ್ಚು," ಎಂದವರೇ ಎದ್ದು ಮಕ್ಕಳ ಡಾಕ್ಟರಿಗೆ ತಾವೇ ಫೋನ್ ಮಾಡಿದರು.

"ಸರ್, ನಾಳೆ ಬೆಳಿಗ್ಗೆವರೆಗೂ ಇಂಜೆಕ್ಷನ್ ನಿಲ್ಲಿಸಬೇಡಿ. ಕಳಿಸಲೂಬೇಡಿ."

ಆ ಕಡೆಯ ದನಿ ನನಗೂ ಕೇಳುತ್ತಿತ್ತು. "ಈಗ ತಾನೇ ರಿಪೋರ್ಟ್ ರೆಡಿ ಅಂದ್ರಲ್ಲ? ಅವರು ಬಿಲ್ ಕಟ್ಟಿ ಕೂತಿದ್ದಾರೆ. ಏನಂತ ಹೇಳಲಿ ಅವರಿಗೆ?"

"ಲ್ಯಾಬಲ್ಲಿ ಮೀಡಿಯಾ ಕೆಟ್ಟಿತ್ತು ಅಂತ ಹೇಳಿ. ನನ್ನ ಕೈಯಿಂದ ತಪ್ಪಾಗಿದೆ ಸರ್. ನನ್ನ ಹೆಸರು ಬರ್ಕೊಳ್ಳಿ."

ಡಾಕ್ಟರು ಏನೋ ಗದರಿದರು. ಆಪಾ "ಹ್ಞೂಂ ಸರ್, ಹ್ಞೂಂ ಸರ್," ಎನ್ನುತ್ತ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ತಪ್ಪು ನನ್ನದು ಎನ್ನಲು ಬಾಯಿ ತೆರೆದೆ. ಅವರು ಕೈಯಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿದರು. ನಾನು ಸುಮ್ಮನಾದೆ. ಸುಮ್ಮನಾಗುವುದು ಅಷ್ಟು ಸುಲಭವಾಗಿತ್ತು.

ಒಂದು ಗಂಟೆಯಲ್ಲಿ ಅಪ್ಪ ಹಿಂದಿನ ಗೇಟಿಗೆ ಬಂದ. ಟಿವಿಎಸ್ ಮೊಪೆಡ್ಡಿನ ಮುಂದೆ, ಕಾಲ ನಡುವೆ, ಕಂಬಳಿ ಸುತ್ತಿದ ಒಂದು ಹೆಣ್ಣು ಕುರಿ. ನರ್ಸುಗಳು, ಆಯಾಗಳು ಕಿಟಕಿಗೆ ಬಂದು ನಿಂತರು. ಗೇಟಿನವನು, "ಏನ್ ಗೌಡ್ರೆ, ಪೇಶೆಂಟಿಗೆ ಚೀಟಿ ಮಾಡ್ಸಿದ್ರಾ?" ಎಂದ.

"ನನ್ ಮಗ್ಳು ಇಲ್ಲಿ ದೊಡ್ಡ ಕೆಲಸ್ದಾಗವಳೆ. ಚೀಟಿ ಬೇಕಿಲ್ಲ ಕಣಪ್ಪ," ಎಂದ ಅಪ್ಪ, ಆಸ್ಪತ್ರೆಗೆಲ್ಲ ಕೇಳುವ ಹಾಗೆ.

ನೆಲ ಬಾಯಿಬಿಡಬಾರದೇ ಎನ್ನಿಸಿತು. ಆಪಾ ಮಾತ್ರ ನೆಟ್ಟಗೆ ಹೋಗಿ ಕುರಿಯ ತಲೆ ಸವರಿ, "ಚೆನ್ನಾಗಿ ಸಾಕಿದ್ದೀರಣ್ಣ. ಹೆದರ್ತಾನೇ ಇಲ್ಲ," ಎಂದರು. ಅಪ್ಪನ ಮುಖ ಅರಳಿತು. ಅಪ್ಪ ಕುರಿಯನ್ನು ತೊಡೆಸಂದಿಯಲ್ಲಿ ಅವುಚಿ ಹಿಡಿದ. ಆಪಾ ಸೂಜಿ ಹಾಕಿದರು. ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು, "ನಿಲ್ಲಿಸಬೇಡ," ಎಂದರು. ಕೈ ಸೋತು ಭುಜ ಉರಿಯುವವರೆಗೂ ಅಲುಗಾಡಿಸಿದೆ.

ಅಗರ್ ಕುದಿಸಿ, ಫ್ಲಾಸ್ಕನ್ನು ಕೆನ್ನೆಗೆ ಒತ್ತಿ ತಡೆಯುವಷ್ಟು ಆರಿದ ಮೇಲೆ ರಕ್ತ ಬೆರೆಸಿ ಹೊಯ್ದೆವು. ಬಾಟಲಿಯಿಂದ ಮತ್ತೆ ಗೆರೆ ಎಳೆದೆವು. ಇನ್ನು ಮಾಡಲು ಏನೂ ಇರಲಿಲ್ಲ, ಕಾಯುವುದೊಂದೇ. ಸಂಜೆ ಮನೆಗೆ ಹೊರಟಾಗ ಮಗುವಿನ ತಂದೆ ಎದ್ದು ನಿಂತು, "ಮೇಡಂ, ಏನಾದ್ರೂ ಹೆಚ್ಚುಕಮ್ಮಿ ಇದ್ಯಾ?" ಎಂದು ನನ್ನನ್ನೇ ಕೇಳಿದ. ನಾಳೆ ಹೇಳುತ್ತೇವೆ ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಎರಡು ಆಸೆ. ಆ ಪ್ಲೇಟಿನ ಮೇಲೆ ಹೊಸದೇನೂ ಬರಬಾರದು, ನಾನು ಬರೆದದ್ದೇ ಸರಿಯಾಗಲಿ, ಎಂದೊಂದು. ಹಾಗೆ ಬಯಸುವ ನನ್ನ ಬಗ್ಗೆಯೇ ಹೇಸಿಗೆಪಟ್ಟು, ಏನಿದ್ದರೂ ಸರಿ ಕಾಣಿಸಲಿ ಎಂದಿನ್ನೊಂದು...

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಆಪಾ ಬಂದಿದ್ದರು. ಪೆಟ್ಟಿಗೆ ತೆರೆದಿರಲಿಲ್ಲ. "ನೀನೇ ತೆಗಿ," ಎಂದರು.

ಗೆರೆಯುದ್ದಕ್ಕೂ ಬೂದು ಬಣ್ಣದ ಗುಂಡನೆಯ ಹನಿಗಳು, ಕೊಬ್ಬಿದಂಥವು. ಪ್ರತಿಯೊಂದರ ಸುತ್ತ ಕೆಂಪು ಕರಗಿ ತೆಳುವಾದ ಬಳೆ. ಈ ಸಲ ಮೇಲಿಂದ ಮಾತ್ರ ತೆಗೆದು ಪೆರಾಕ್ಸೈಡಿಗೆ ಅದ್ದಿದೆ. ಒಂದೂ ಗುಳ್ಳೆ ಬರಲಿಲ್ಲ. ಸ್ಟ್ರೆಪ್.

ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. ಇಂಜೆಕ್ಷನ್ ಮುಂದುವರಿಯಿತು. ಹತ್ತು ದಿನ ಕಳೆದ ಮೇಲೆ ಆ ಮಗು ಮನೆಗೆ ಹೋಯಿತು. ಲ್ಯಾಬಿನ ಪುಸ್ತಕದಲ್ಲಿ ಆಪಾ ಬರೆದದ್ದು ಒಂದೇ ಸಾಲು: ಮೀಡಿಯಾ ಸರಿಯಿರಲಿಲ್ಲ, ಬದಲಿಸಲಾಗಿದೆ. ಕೆಳಗೆ ಅವರ ಸಹಿ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಬರೆಯಲು ಕುಳಿತದ್ದು ಅದಕ್ಕಲ್ಲ.

ಮೂರು ವರ್ಷದ ಮೇಲೆ ಲ್ಯಾಬಿಗೆ ಮಾನ್ಯತೆ ಕೊಡುವವರು ತಪಾಸಣೆಗೆ ಬಂದರು. ಪದವಿ ಇದ್ದವರೇ ರಿಪೋರ್ಟಿಗೆ ಸಹಿ ಹಾಕಬೇಕೆಂದು ಆಡಳಿತದವರು ಆಗಲೇ ತೀರ್ಮಾನಿಸಿದ್ದರು. ಬಂದವರಲ್ಲಿ ಒಬ್ಬರು ಕೇಳಿದರು, "ಮೀಡಿಯಾ ಆಯ್ಕೆ, ತಯಾರಿ ಎಲ್ಲ ಯಾರು ನೋಡ್ಕೊಳ್ತಾರೆ?" ಆಡಳಿತದವರು ನನ್ನ ಕಡೆ ನೋಡಿದರು. ಆಪಾ ಬಾಗಿಲ ಬಳಿ ಪ್ಲೇಟುಗಳ ಟ್ರೇ ಹಿಡಿದು ನಿಂತಿದ್ದರು.

"ನಾನೇ ಸರ್," ಎಂದೆ.

ಆಪಾ ಟ್ರೇಯನ್ನು ಫ್ರಿಜ್ಜಿನಲ್ಲಿಟ್ಟು ಹೋದರು. ಆಮೇಲೆ ಅವರನ್ನು ರಕ್ತ ಎಳೆಯುವ ಕೌಂಟರಿಗೆ ಹಾಕಿದರು. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರು. ಬಿಡುವ ದಿನ ನನಗೆ ಒಂದು ಡಬ್ಬಿ ಶೀರ್‌ಖುರ್ಮಾ ಪಾಯಸ ತಂದುಕೊಟ್ಟು, ಡಬ್ಬಿ ವಾಪಸ್ ಬೇಡ ಎಂದರು. ಅವರ ಮನೆ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಒಮ್ಮೆಯೂ ಹೋಗಲಿಲ್ಲ. ಕೆಲಸ, ಮದುವೆ, ಮಗು... ನೆವಗಳಿಗೇನು ಬರ.

ಅಪ್ಪನ ಜೊತೆ ಮಾತ್ರ ಅವರು ಬಳಕೆ ಬಿಟ್ಟಿರಲಿಲ್ಲ. ಪ್ರತಿ ವರ್ಷ ಹಬ್ಬಕ್ಕೆ ಟಗರು ನಮ್ಮ ದೊಡ್ಡಿಯಿಂದಲೇ ಹೋಗುತ್ತಿತ್ತು. ಆಪಾ ತಾವೇ ಬಂದು ಹಲ್ಲು ನೋಡಿ ಆರಿಸಿ, ಚಹಾ ಕುಡಿದು, ನನ್ನನ್ನು ವಿಚಾರಿಸಿ ಹೋಗುತ್ತಿದ್ದರಂತೆ.

ಫ್ಲಾಸ್ಕ್ ಸಿಕ್ಕ ದಿನ ಸಂಜೆ, ಆಪಾ ಈಗ ಹೇಗಿದ್ದಾರೆಂದು ಕೇಳೋಣವೆಂದೇ ಅಪ್ಪನಿಗೆ ಫೋನ್ ಮಾಡಿದೆ. ನಾನು ಬಾಯಿಬಿಡುವ ಮೊದಲೇ ಅಪ್ಪ ಹೇಳಿದ. ಈ ಸಲ ಟಗರಿಗೆ ಅವರ ಮಗ ಒಬ್ಬನೇ ಬಂದಿದ್ದನಂತೆ. ಆಪಾ ರಂಜಾನ್ ತಿಂಗಳಲ್ಲೇ ತೀರಿಕೊಂಡರಂತೆ, ಸಕ್ಕರೆ ಕಾಯಿಲೆ ಕಿಡ್ನಿಗೆ ಹೋಗಿತ್ತಂತೆ.

"ನಿಂಗೆ ಗೊತ್ತಿತ್ತಲ್ವೇನವ್ವ? ಅಲ್ಲೇ ಪಕ್ಕದಾಗಿದ್ದೋಳು ನೀನು. ಮಣ್ಣಿಗೆ ಹೋಗಿದ್ದೆ ತಾನೆ?" ಎಂದು ಕೇಳಿದ.

"ಹ್ಞೂಂ ಅಪ್ಪ, ಹೋಗಿದ್ದೆ," ಎಂದೆ.

ಆಪಾ ಇದ್ದಿದ್ದರೆ ನನ್ನ ದನಿಯಲ್ಲೇ ಹಿಡಿದುಬಿಡುತ್ತಿದ್ದರು. ಅಪ್ಪ ನಂಬಿದ.